ಲಾರಿ ಕೈಗೆ ಬರುವುದು ಎಂದು?

ಸೋಂದೆಯಿಂದ ಕಡಲಿಗೆ ಇಳಿಯಬೇಕೆಂದರೆ ಭಾರದ ಲಾರಿಗಳಿಗೆ ಮುಖ್ಯವಾಗಿ ಎರಡು ದಾರಿಗಳು. ದಕ್ಷಿಣಕ್ಕೆ ಶಿರಸಿಗೆ ಬಂದು, ದೇವಿಮನೆ ಘಟ್ಟವಿಳಿದು ಕುಮಟೆಯನ್ನು ಸೇರುವುದು ಒಂದು. ಸೋಂದಾ ಕ್ರಾಸಿನಿಂದ ಉತ್ತರಕ್ಕೆ ತಿರುಗಿ, ಮಂಚಿಕೇರಿಯ ಮೇಲೆ ಯಲ್ಲಾಪುರಕ್ಕೆ ಹೋಗಿ, ಅರಬೈಲು ಘಟ್ಟವಿಳಿದು ಅಂಕೋಲೆಯನ್ನು ಮುಟ್ಟುವುದು ಇನ್ನೊಂದು. ವಾದಿರಾಜರ ವೃಂದಾವನದ ದರ್ಶನಕ್ಕೆಂದು ಬರುವ ಯಾತ್ರಿಕರಿಗೆ ಈ ದಾರಿಗಳು ಕಣ್ಣಿಗೆ ಹಬ್ಬ. ಕಾಡು, ಅಡಿಕೆ ತೋಟ, ಬೆಳಗಿನ ಮಂಜು. ಕಿಟಕಿಯ ಬದಿಯ ಸೀಟಿಗಾಗಿ ಮಕ್ಕಳ ಜಗಳ. ಆದರೆ ಅದೇ ಊರಿನಲ್ಲಿ ಹುಟ್ಟಿ, ಲಾರಿ ನಡೆಸಿ ಹೊಟ್ಟೆ ಹೊರೆಯಬೇಕೆಂದು ಹೊರಟ ತರುಣನಿಗೆ ಇವು ಎರಡು ಪರೀಕ್ಷಾಮಂದಿರಗಳು. ಎತ್ತ ಹೊರಟರೂ ಒಂದಲ್ಲ ಒಂದು ದಿನ, ಬೆನ್ನ ಹಿಂದೆ ಹತ್ತು ಟನ್ನು ಸರಕನ್ನು ಇಟ್ಟುಕೊಂಡು ಅವನು ಘಟ್ಟದ ತಲೆಯಲ್ಲಿ ನಿಲ್ಲಲೇಬೇಕು.

ಸೋದೆಯ ಅರಸರ ಕಾಲದಲ್ಲಿ ಈ ಸೀಮೆಯ ಕಾಳುಮೆಣಸು ಘಟ್ಟವಿಳಿಯುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. 1763ರಲ್ಲಿ ಸೋದೆ ಹೈದರಾಲಿಯ ವಶವಾಗಿ, ಅರಸುಮನೆತನ ಗೋವೆಯ ಆಶ್ರಯಕ್ಕೆ ಹೋಯಿತು. ಎತ್ತುಗಳ ಸಾಲು ಮಾತ್ರ ಆಮೇಲೂ ನಡೆಯಿತು. ಎತ್ತು ಇಳಿಜಾರನ್ನು ಕಂಡರೆ ತಾನೇ ಕಾಲೂರುತ್ತದೆ, ಜಾರುವ ಕಡೆ ಹೆಜ್ಜೆಯನ್ನು ಹಿಂದೆಗೆಯುತ್ತದೆ, ದಣಿದರೆ ನಿಂತುಬಿಡುತ್ತದೆ. ಲಾರಿಗೆ ಅಂಥ ಬುದ್ಧಿಯಿಲ್ಲ. ಆ ಬುದ್ಧಿಯನ್ನು ಒದಗಿಸಬೇಕಾದವನು ಚಕ್ರ ಹಿಡಿದು ಕುಳಿತವನು. ಅವನಲ್ಲಿ ಅದು ಬಂದಿದೆಯೆಂದು ತಿಳಿಯುವುದು ಹೇಗೆ?

ಲಾರಿಯ ಮಾಲೀಕರು ಹೊಸಬನನ್ನು ಕೇಳುವ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ. “ಎಷ್ಟು ವರ್ಷದ ಅನುಭವ?” ಪ್ರಶ್ನೆ ಸುಲಭ, ಉತ್ತರ ಇನ್ನೂ ಸುಲಭ. ಒಬ್ಬನು ಲೈಸೆನ್ಸು ಕೈಗೆ ಬಂದ ದಿನದಿಂದ ವರ್ಷಗಳನ್ನೆಣಿಸುತ್ತಾನೆ. ಇನ್ನೊಬ್ಬನು ಕ್ಲೀನರಾಗಿ ಎಡಗಡೆಯ ಸೀಟಿನಲ್ಲಿ ಕಳೆದ ವರ್ಷಗಳನ್ನೂ ಸೇರಿಸಿಕೊಳ್ಳುತ್ತಾನೆ. ಮೂರನೆಯವನು ಊರಿನ ತೋಟಗಳಿಗೆ ಗೊಬ್ಬರ, ಚೀರೆಕಲ್ಲು ಹೊಡೆದ ಪಿಕಪ್ಪು ಗಾಡಿಯ ಲೆಕ್ಕ ಹೇಳುತ್ತಾನೆ. ಮೂವರೂ ಸುಳ್ಳಾಡುತ್ತಿಲ್ಲ. ಆದರೂ ಮೂವರನ್ನೂ ಭಾರ ತುಂಬಿದ ಲಾರಿಯೊಡನೆ ಆಷಾಢದ ರಾತ್ರಿಯಲ್ಲಿ ಘಟ್ಟಕ್ಕೆ ಕಳಿಸಿದರೆ, ಮೂವರ ಗತಿಯೂ ಬೇರೆ ಬೇರೆ ಆದೀತು.

ಕಾಗದದ ಲೆಕ್ಕ

ಮೊದಲು ಕಾಯಿದೆ ಏನನ್ನುತ್ತದೆಂದು ನೋಡುವುದು ಒಳ್ಳೆಯದು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಹದಿನೆಂಟು ತುಂಬಿದವನು ಕಾರು ನಡೆಸಬಹುದು. ಸರಕು ಸಾಗಿಸುವ ಲಾರಿಯಂಥ ಸಾರಿಗೆ ವಾಹನಕ್ಕಾದರೆ ಇಪ್ಪತ್ತು ತುಂಬಿರಬೇಕು. ಅಷ್ಟೇ ಅಲ್ಲ, ಹಗುರ ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾದರೂ ಆಗಿದ್ದ ಹೊರತು ಸಾರಿಗೆ ವಾಹನವನ್ನು ಕಲಿಯುವ ಅನುಮತಿಯನ್ನು ಕೊಡತಕ್ಕದ್ದಲ್ಲ. ಕೇಳಲು ಎಷ್ಟು ವಿವೇಕದ ಮಾತು! ಆದರೆ ಕಾಯಿದೆ ಎಣಿಸುವುದು ಲೈಸೆನ್ಸಿನ ವಯಸ್ಸನ್ನು. ಆ ಒಂದು ವರ್ಷ ಅದು ಜೇಬಿನಲ್ಲಿ ಮಲಗಿತ್ತೋ, ಅದನ್ನು ಹೊತ್ತವನು ದಿನಕ್ಕೆ ನೂರು ಮೈಲಿ ಸುತ್ತಿದನೋ ಎಂಬುದನ್ನು ಕೇಳುವ ಕಲಮು ಅದರಲ್ಲಿಲ್ಲ.

ಸಾರಿಗೆ ವಾಹನ ನಡೆಸುವವನು ಎಂಟನೆಯ ತರಗತಿಯಾದರೂ ಓದಿರಬೇಕೆಂಬ ನಿಯಮ ಕೆಲವು ಕಾಲ ಜಾರಿಯಲ್ಲಿತ್ತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ತೆಗೆದುಹಾಕಿತು. ಶಾಲೆ ಬಿಟ್ಟ ಹುಡುಗನಿಗೆ ಚಕ್ರ ಹಿಡಿಯುವ ಯೋಗ್ಯತೆಯಿಲ್ಲವೆಂದು ಯಾರೂ ಹೇಳಲಾರರು. ಹಾಗೆಯೇ ಎಂಟನೆಯ ತರಗತಿಯ ಪುಸ್ತಕದಲ್ಲಿ ಘಟ್ಟವಿಳಿಯುವ ಪಾಠವೂ ಇಲ್ಲ. ಆದುದರಿಂದ ತೆಗೆದುದು ಸರಿಯೇ. ಪ್ರಶ್ನೆಯೆಂದರೆ, ತೆಗೆದ ಜಾಗದಲ್ಲಿ ಏನನ್ನು ಇಟ್ಟರು ಎಂಬುದು.

ಇಟ್ಟುದು ತರಬೇತಿಯನ್ನು. ಹಳೆಯ ನಿಯಮಾವಳಿಯಲ್ಲಿ ಚಾಲನಾ ಶಾಲೆಗಳು ಸಾರಿಗೆ ವಾಹನದ ವಿದ್ಯಾರ್ಥಿಗೆ ಮೂವತ್ತು ದಿನ ಪಾಠ ಹೇಳಬೇಕು, ಅದರಲ್ಲಿ ಹದಿನೈದು ಗಂಟೆಯಾದರೂ ಅವನ ಕೈಯಲ್ಲಿ ಚಕ್ರವಿರಬೇಕು ಎಂದಿತ್ತು. 2021ರಲ್ಲಿ ಹೊರಟ ಹೊಸ ನಿಯಮಗಳಂತೆ, ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಭಾರಿ ವಾಹನದ ಪಾಠ ಆರು ವಾರ, ಒಟ್ಟು 38 ಗಂಟೆ. ಮೂವತ್ತೆಂಟು ಗಂಟೆಗಳೆಂದರೆ ದೂರದೂರಿಗೆ ಹೋಗುವ ಲಾರಿಯವನ ಒಂದು ವಾರದ ದುಡಿಮೆಗೂ ಕಡಮೆ. ಇಷ್ಟರಲ್ಲಿ ಒಬ್ಬನು ಗೇರು, ಕ್ಲಚ್ಚು, ಕನ್ನಡಿಗಳ ಸಹವಾಸವನ್ನು ಮಾಡಿಕೊಳ್ಳಬಹುದು. ಸಂಸಾರ ನಡೆಯುವುದು ಅದರ ಮುಂದೆ.

ಪರೀಕ್ಷೆಯ ಪಟ್ಟಿಯನ್ನು ಓದಿದರೆ, ಅದನ್ನು ಬರೆದವರಿಗೆ ವಿಷಯ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. 1989ರ ಕೇಂದ್ರ ನಿಯಮಾವಳಿ ಚಾಲಕನಿಂದ ಏನನ್ನು ಬಯಸುತ್ತದೆ? ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಒಂದಿಷ್ಟೂ ಹಿಂದಕ್ಕೆ ಉರುಳದಂತೆ ಮತ್ತೆ ಹೊರಡಿಸಬೇಕು. ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರಬೇಕು. ಇಕ್ಕಟ್ಟಾದ ಕಿಂಡಿಯಲ್ಲಿ ಹಿಂದುಮುಂದಾಗಿ ವಾಹನವನ್ನು ತೂರಿಸಬೇಕು. ಘಟ್ಟದ ಮೂರು ಪಾಠಗಳೂ ಅಲ್ಲಿಯೇ ಇವೆ. ಇಲ್ಲದಿರುವುದು ಒಂದೇ. ಪರೀಕ್ಷೆಯ ದಿನ ಲಾರಿಯ ಹಿಂದೆ ಹತ್ತು ಟನ್ನು ಸರಕಿರಬೇಕೆಂದು ಆ ಪಟ್ಟಿಯಲ್ಲಿ ಎಲ್ಲಿಯೂ ಬರೆದಿಲ್ಲ.

ಐದು ಹಂಡೆ ಬಿಸಿನೀರು

ಭಾರವೆಂದರೇನೆಂಬುದು ಮನೆಯಲ್ಲಿ ಕುಳಿತವರಿಗೂ ತಿಳಿಯುವಂತೆ ಒಂದು ಲೆಕ್ಕವನ್ನು ಹಾಕಿ ನೋಡಬಹುದು. 2018ರಲ್ಲಿ ಪರಿಷ್ಕರಿಸಿದ ಮಿತಿಯಂತೆ ಎರಡು ಅಚ್ಚಿನ ಲಾರಿ ಸರಕೂ ಸೇರಿ 18.5 ಟನ್ನು ತೂಗಬಹುದು. ಶಿರಸಿ, ಯಲ್ಲಾಪುರಗಳೆರಡೂ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲೆ ಇವೆ. ಅಷ್ಟು ತೂಕದ ವಸ್ತು ಐನೂರು ಮೀಟರು ಕೆಳಗಿಳಿಯುವಾಗ ಅದರಲ್ಲಿ ಅಡಗಿದ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಅದನ್ನು ಪೂರ್ತಿಯಾಗಿ ಶಾಖವಾಗಿ ಮಾರ್ಪಡಿಸಿದರೆ ಸುಮಾರು 270 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಬಚ್ಚಲುಮನೆಯ ಐವತ್ತು ಲೀಟರಿನ ಹಂಡೆಯಾದರೆ ಐದು ಹಂಡೆಗೂ ಮಿಕ್ಕಿ! ಒಂದು ಲಾರಿ ಒಮ್ಮೆ ಘಟ್ಟವಿಳಿದರೆ ಇಷ್ಟು ಬೆಂಕಿ.

ಈ ಬೆಂಕಿ ಎಲ್ಲಿ ಉರಿಯಬೇಕೆಂಬುದನ್ನು ನಿಶ್ಚಯಿಸುವವನು ಡ್ರೈವರು. ಬಲ್ಲವನು ಇಳಿಜಾರು ತೊಡಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನೇ ಲಾರಿಯನ್ನು ಹಿಡಿದೆಳೆಯುವಂತೆ ಮಾಡುತ್ತಾನೆ. ಶಾಖದ ಬಹುಪಾಲು ಎಂಜಿನ್ನಿನ ಮೂಲಕ ಗಾಳಿಗೆ ಹೋಗುತ್ತದೆ. ಬ್ರೇಕು ಅಗತ್ಯ ಬಿದ್ದಾಗ ಬರುವ ನೆಂಟ. ಅರಿಯದವನು ಮೇಲಿನ ಗೇರಿನಲ್ಲಿಯೇ ಹೊರಟು, ತಿರುವು ತಿರುವಿಗೂ ಬ್ರೇಕನ್ನು ತುಳಿಯುತ್ತ ಬರುತ್ತಾನೆ. ಮೊದಲ ಎರಡು ಮೈಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅನಂತರ ಬ್ರೇಕಿನ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗು ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ, ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಕಾಲಕೆಳಗಿನ ಪೆಡಲು ಬರಿಯ ತಗಡು. ಗಾಳಿಯ ಬ್ರೇಕಿನ ಲಾರಿಯಲ್ಲಿ ಇನ್ನೊಂದು ಅಪಾಯವುಂಟು: ಗಾಬರಿಯಿಂದ ಮತ್ತೆ ಮತ್ತೆ ತುಳಿದರೆ ತೊಟ್ಟಿಯಲ್ಲಿ ಶೇಖರವಾದ ಗಾಳಿಯೂ ಮುಗಿಯುತ್ತ ಬರುತ್ತದೆ.

ಆಗ ಗೇರನ್ನು ಬದಲಿಸೋಣವೆಂದರೆ ಹೊತ್ತು ಮೀರಿರುತ್ತದೆ. ವೇಗವಾಗಿ ಇಳಿಯುತ್ತಿರುವ ಲಾರಿಯ ಗೇರನ್ನು ಒಮ್ಮೆ ತೆಗೆದರೆ ಕೆಳಗಿನ ಗೇರು ಕೂರದೆ ಹೋಗಬಹುದು. ಅಲ್ಲಿಂದ ಮುಂದೆ ಲಾರಿ ನ್ಯೂಟ್ರಲಿನಲ್ಲಿ, ಎಂದರೆ ಯಾರ ಹಿಡಿತದಲ್ಲಿಯೂ ಇಲ್ಲ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂದು ಹಳೆಯ ಡ್ರೈವರುಗಳು ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದುದು ಇದಕ್ಕಾಗಿ. ಆದರೆ ಡೀಸೆಲು ಉಳಿಸುವ ಆಸೆಗೆ ಬೇಕೆಂದೇ ನ್ಯೂಟ್ರಲಿನಲ್ಲಿ ಲಾರಿಯನ್ನು ಉರುಳಬಿಡುವ ಚಾಳಿಯೂ ಹಳೆಯವರಿಂದಲೇ ಕೆಲವು ಹುಡುಗರಿಗೆ ಬಂದಿದೆ. ಈಚಿನ ಎಂಜಿನ್ನುಗಳಲ್ಲಿ ಅದರಿಂದ ಉಳಿತಾಯವೂ ಇಲ್ಲ. ಗೇರಿನಲ್ಲಿದ್ದು ಕಾಲು ತೆಗೆದರೆ ಅವು ತಾವಾಗಿಯೇ ಎಣ್ಣೆಯನ್ನು ನಿಲ್ಲಿಸುತ್ತವೆ. ನ್ಯೂಟ್ರಲಿನಲ್ಲಾದರೋ ಎಂಜಿನ್ನು ಬರಿದೇ ತಿರುಗುತ್ತ ಎಣ್ಣೆ ಕುಡಿಯುತ್ತಲೇ ಇರುತ್ತದೆ.

ಇವೆಲ್ಲವನ್ನೂ ಕೋಣೆಯಲ್ಲಿ ಕೂರಿಸಿ ಒಂದು ಗಂಟೆಯಲ್ಲಿ ಹೇಳಿಕೊಡಬಹುದು. ಹೇಳಿಕೊಡಲಾಗದುದು ಒಂದಿದೆ. ಖಾಲಿ ಲಾರಿ ಮೂರನೆಯ ಗೇರಿನಲ್ಲಿ ಹೇಗೆ ನಡೆಯುತ್ತದೆ, ತುಂಬಿದ ಲಾರಿ ಅದೇ ತಿರುವಿನಲ್ಲಿ ಅದೇ ಗೇರಿನಲ್ಲಿ ಹೇಗೆ ಮುಂದಕ್ಕೆ ನೂಕುತ್ತದೆ ಎಂಬ ವ್ಯತ್ಯಾಸ ಸೊಂಟಕ್ಕೂ ಅಂಗಾಲಿಗೂ ತಿಳಿಯಬೇಕಾದ ಸಂಗತಿ. ಸರಕಿನ ಜಾತಿಯನ್ನೂ ಮೈ ಕಲಿಯಬೇಕು. ಅಡಿಕೆಯ ಚೀಲ ಇಟ್ಟಲ್ಲಿ ಇರುತ್ತದೆ. ಚೀರೆಕಲ್ಲು ತಗ್ಗಿನಲ್ಲಿ ಕುಳಿತು ಲಾರಿಯನ್ನು ನೆಲಕ್ಕೆ ಒತ್ತುತ್ತದೆ. ಎತ್ತರಕ್ಕೆ ಹೇರಿದ ಹುಲ್ಲಿನ ಹೊರೆ ತಿರುವಿನಲ್ಲಿ ತಲೆದೂಗುತ್ತದೆ. ದಿಮ್ಮಿಗಳು ಹಗ್ಗ ಸಡಿಲವಾದರೆ ಒಂದರ ಮೇಲೊಂದು ಜಾರುತ್ತವೆ. ಟ್ಯಾಂಕರಿನೊಳಗಿನ ನೀರು ಅರ್ಧ ತುಂಬಿದ್ದರೆ ಎಲ್ಲಕ್ಕಿಂತ ಕಷ್ಟ; ಡ್ರೈವರು ನಿಲ್ಲಿಸಿದ ಮೇಲೂ ಅದು ನಿಲ್ಲುವುದಿಲ್ಲ, ಹಿಂದಿನಿಂದ ಬಂದು ಮುಂದಿನ ಗೋಡೆಯನ್ನು ಗುದ್ದುತ್ತದೆ. ಹತ್ತು ವರ್ಷ ಅಡಿಕೆ ಹೊತ್ತವನಿಗೂ ಟ್ಯಾಂಕರಿನ ಮೊದಲ ದಿನ ಮೊದಲ ದಿನವೇ.

ಎಡಗಡೆಯ ಅಂಚು

2025ರ ಜನವರಿ 22, ಬುಧವಾರ. ಸವಣೂರಿನಿಂದ ಹಣ್ಣು ತರಕಾರಿಗಳನ್ನು ಹೇರಿಕೊಂಡು, ವ್ಯಾಪಾರಿಗಳನ್ನೂ ಕೂರಿಸಿಕೊಂಡು ಕುಮಟೆಯ ಸಂತೆಗೆ ಹೊರಟಿದ್ದ ಲಾರಿಯೊಂದು ಬೆಳಕು ಹರಿಯುವ ಮುನ್ನ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿತು. ಹತ್ತು ಮಂದಿ ಸತ್ತರು. ಗಾಯಗೊಂಡವರು ಅದಕ್ಕೂ ಹೆಚ್ಚು. ಇನ್ನೊಂದು ವಾಹನಕ್ಕೆ ದಾರಿ ಬಿಡಲೆಂದು ಲಾರಿ ಎಡಕ್ಕೆ ಸರಿದು, ಅಂಚನ್ನು ಮೀರಿ ಹೋಯಿತೆಂದು ಪೋಲೀಸರು ಅಂದು ಹೇಳಿದರು. ಆ ಚಾಲಕನ ತಪ್ಪು ಒಪ್ಪುಗಳನ್ನು ತೂಗುವ ಸ್ಥಳ ಇದಲ್ಲ. ಸರಕಿನ ಮೇಲೆ ಮನುಷ್ಯರನ್ನು ಕೂರಿಸುವ ಬಡತನದ ವ್ಯವಸ್ಥೆ, ತಡೆಗೋಡೆಯಿಲ್ಲದ ರಸ್ತೆ, ನಾಲ್ಕು ಗಂಟೆಯ ಕತ್ತಲೆ, ಇವೆಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಘಟ್ಟದ ಚಾಲನೆಯಲ್ಲಿ ದಾರಿ ಬಿಡುವ ಆ ಅರ್ಧ ನಿಮಿಷದ ಕೆಲಸ ಎಂಥದೆಂಬುದನ್ನು ಆ ಬೆಳಗಿನಂತೆ ಬೇರೆ ಯಾವುದೂ ಹೇಳಲಾರದು.

ನಮ್ಮ ದೇಶದ ವಾಹನಗಳಲ್ಲಿ ಡ್ರೈವರು ಕೂರುವುದು ಬಲಗಡೆ. ಕಂದಕದ ಬದಿಯಾಗಿ ಇಳಿಯುವಾಗ ಅಪಾಯವಿರುವುದು ಎಡಗಡೆಯ ಚಕ್ರದಲ್ಲಿ, ಅವನ ಕಣ್ಣಿಗೆ ಬೀಳದ, ಆಳುದ್ದಕ್ಕೂ ದೂರದ ಮೂಲೆಯಲ್ಲಿ. ಎದುರಿಗೆ ಬರುವ ವಾಹನದ ದೀಪ ಕಣ್ಣನ್ನು ಕುರುಡಾಗಿಸುತ್ತದೆ. ಅಂಚಿನ ಮಣ್ಣು ಗಟ್ಟಿಯಿದೆಯೋ, ಮಳೆಗೆ ಅಡಿಯಿಂದ ಕೊರೆದುಹೋಗಿದೆಯೋ ಎಂಬುದು ಮೇಲಿನಿಂದ ಕಾಣುವುದಿಲ್ಲ. ಹೊಸಬನು ಎದುರಿನ ಲಾರಿಗೆ ಹೆದರಿ ಎಡಕ್ಕೆ ಹೆಚ್ಚು ಸರಿಯುತ್ತಾನೆ, ಪಳಗಿದವನು ನಿಲ್ಲಿಸಿಬಿಡುತ್ತಾನೆ. ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಏರುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವನು ಪಕ್ಕಕ್ಕೆ ನಿಂತು ಬಿಟ್ಟುಕೊಡಬೇಕು ಎಂದು ರಸ್ತೆಯ ನಿಯಮಗಳೇ ಹೇಳುತ್ತವೆ. ಆದರೆ ನಿಲ್ಲುವುದಕ್ಕೂ ಧೈರ್ಯ ಬೇಕು. ಹಿಂದಿನವರು ಹಾರನ್ನು ಬಾರಿಸುತ್ತಾರೆ, ಬಸ್ಸಿನವನು ಬೈಯುತ್ತಾನೆ, ಸಂತೆಗೆ ಹೊತ್ತಾಗುತ್ತದೆ. ಇಪ್ಪತ್ತೊಂದು ವಯಸ್ಸಿನ ಹುಡುಗನಿಗೆ ಬೈಗುಳ ಕಂದಕಕ್ಕಿಂತ ದೊಡ್ಡದಾಗಿ ಕಂಡರೆ ಆಶ್ಚರ್ಯವಿಲ್ಲ.

ಇಲ್ಲಿಯೇ ಕ್ಲೀನರಿನ ನೆನಪು ಬರುವುದು. ಹಳೆಯ ಕಾಲದ ಲಾರಿಗಳಲ್ಲಿ ಎಡಗಡೆಯ ಕಣ್ಣು ಅವನದು. ತಲೆಯನ್ನು ಹೊರಹಾಕಿ, ಬಾಗಿಲ ತಗಡನ್ನು ಬಡಿದು, “ಬರ್ಲಿ, ಬರ್ಲಿ, ಸಾಕು!” ಎಂದು ಕೂಗುವವನು ಅವನು. ಏರಿನಲ್ಲಿ ಲಾರಿ ನಿಂತರೆ ಹಾರಿ ಇಳಿದು ಚಕ್ರದ ಹಿಂದೆ ಕಲ್ಲು ಕೊಡುವವನೂ ಅವನೇ. ಹಗ್ಗ ಬಿಗಿಯುವುದು, ತಾಡಪತ್ರಿ ಹೊದಿಸುವುದು, ಸ್ಟೆಪ್ನಿ ಬದಲಿಸುವುದು, ಬೆಳಗ್ಗೆ ಎದ್ದು ಟೈರುಗಳನ್ನು ಬಡಿದು ಸದ್ದು ಕೇಳುವುದು, ರಾತ್ರಿ ಡ್ರೈವರಿಗೆ ನಿದ್ದೆ ಬಾರದಂತೆ ಮಾತಾಡುತ್ತಿರುವುದು, ಎಲ್ಲವೂ ಅವನ ಪಾಲಿಗೆ. ಹುಬ್ಬಳ್ಳಿಯ ಕಡೆಯ ಹುಡುಗರು ಡ್ರೈವರನ್ನು “ಉಸ್ತಾದ” ಎನ್ನುತ್ತಿದ್ದರು. ಘಟ್ಟದವರಿಗೆ ಅವನು “ಅಣ್ಣ”. ಹೆಸರು ಯಾವುದಾದರೂ ಸಂಬಂಧ ಗುರುಶಿಷ್ಯರದೇ, ಬೈಗುಳವೂ ಅದೇ ದರ್ಜೆಯದು.

ಆ ಐದಾರು ವರ್ಷಗಳನ್ನು ಅನುಭವವೆಂದು ಎಣಿಸಬೇಕೆ? ಎಣಿಸಲೂ ಬೇಕು, ಎಣಿಸಲೂ ಬಾರದು. ಮಳೆಗಾಲದಲ್ಲಿ ಯಾವ ತಿರುವಿನಲ್ಲಿ ಗುಡ್ಡದ ನೀರು ರಸ್ತೆಯ ಮೇಲೆ ಹರಿಯುತ್ತದೆ, ಯಾವ ಸದ್ದು ಬೇರಿಂಗಿನದು, ಯಾವುದು ಬರಿಯ ಬೋಲ್ಟಿನದು ಎಂಬುದನ್ನು ಅವನಷ್ಟು ಬಲ್ಲವರಿಲ್ಲ. ಅವನಿಗೆ ಬರದಿರುವುದು ನಿರ್ಧಾರ. ಎಡಗಡೆ ಕುಳಿತವನು ಎಷ್ಟು ಸಲ ಘಟ್ಟವಿಳಿದರೂ, ಈ ಕ್ಷಣ ನಿಲ್ಲಲೋ ಹೋಗಲೋ ಎಂಬ ಪ್ರಶ್ನೆ ಅವನ ಎದೆಯ ಮೇಲೆ ಕೂತಿರುವುದಿಲ್ಲ. ಆದುದರಿಂದಲೇ ಒಳ್ಳೆಯ ಉಸ್ತಾದನು ಹುಡುಗನನ್ನು ಹಂತಹಂತವಾಗಿ ಬಲಗಡೆಗೆ ದಾಟಿಸುತ್ತಿದ್ದ: ಮೊದಲು ಮಾಲಿನ ಅಂಗಳದಲ್ಲಿ, ಆಮೇಲೆ ಕಲಘಟಗಿಯಾಚೆಯ ಬಯಲಿನಲ್ಲಿ ಖಾಲಿ ಲಾರಿ, ಆಮೇಲೆ ತುಂಬಿದ ಲಾರಿ, ಏರು, ಕೊನೆಗೆ ಇಳಿಜಾರು. ಈ ದಾಟಿಸುವಿಕೆಯಲ್ಲಿ ಲೈಸೆನ್ಸಿಲ್ಲದ ಹುಡುಗನ ಕೈಗೆ ಚಕ್ರ ಕೊಟ್ಟ ಪ್ರಸಂಗಗಳು ಎಷ್ಟೋ. ಅದು ಅಪರಾಧ, ಅದರಿಂದ ಆದ ಸಾವುಗಳೂ ಉಂಟು. ಹಳೆಯದೆಂಬ ಮಾತ್ರಕ್ಕೆ ಅದನ್ನು ಹೊಗಳಬೇಕಾಗಿಲ್ಲ. ಆದರೆ ಪಕ್ಕದಲ್ಲೊಬ್ಬ ಬಲ್ಲವನು ಕುಳಿತು ಕೈ ತಿದ್ದುವ ಪದ್ಧತಿಯೊಂದು ಅದರೊಳಗಿತ್ತು.

ಈಗ ಆ ಎಡಗಡೆಯ ಸೀಟು ಅನೇಕ ಲಾರಿಗಳಲ್ಲಿ ಬರಿದಾಗಿದೆ. ಬಾಡಿಗೆ ಗಿಟ್ಟದ ಮಾಲೀಕನಿಗೆ ಎರಡನೆಯ ಸಂಬಳ ಭಾರ. ಶಾಲೆ ಕಲಿತ ಹುಡುಗರಿಗೆ ಗ್ರೀಸಿನ ಕೈ ಬೇಡ. ಕನ್ನಡಿಗಳು ದೊಡ್ಡವಾಗಿವೆ, ಸ್ಟಿಯರಿಂಗು ಬೆರಳಿನಲ್ಲಿ ತಿರುಗುತ್ತದೆ, ಗೇರುಗಳು ಸದ್ದಿಲ್ಲದೆ ಕೂರುತ್ತವೆ. 1954ರಲ್ಲಿ ಜಮ್‌ಷೆಡ್‌ಪುರದಿಂದ ಹೊರಡತೊಡಗಿದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳ ಕಾಲದ ತೋಳಿನ ಬಲ ಈಗ ಬೇಕಾಗಿಲ್ಲ. ಯಂತ್ರ ಸುಲಭವಾಯಿತು, ಒಳ್ಳೆಯದೇ. ಸುಲಭವಾದಷ್ಟೂ ಕಲಿತೆನೆಂಬ ಭ್ರಮೆಯೂ ಬೇಗ ಬರುತ್ತದೆ. ಬಯಲಿನ ನಾಲ್ಕು ಸಾಲಿನ ಹೆದ್ದಾರಿಯಲ್ಲಿ ವರ್ಷವಿಡೀ ಒಂದೇ ಗೇರಿನಲ್ಲಿ ಓಡಿದವನು ಮೂರು ವರ್ಷದ ಅನುಭವಿಯೆಂದು ಹೇಳಿಕೊಳ್ಳಬಹುದು; ನಿಜವಾಗಿ ಆತ ಒಂದೇ ದಿನವನ್ನು ಸಾವಿರ ಸಲ ಓಡಿಸಿದ್ದಾನೆ.

ಅದಿರಿನ ದಿನಗಳು ಈ ಸೀಮೆಗೆ ಇದನ್ನು ತೋರಿಸಿಕೊಟ್ಟವು. ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಆ ವರ್ಷಗಳಲ್ಲಿ ಯಲ್ಲಾಪುರದ ದಾರಿಯಲ್ಲಿ ಲಾರಿಗಳು ಇರುವೆಯ ಸಾಲಿನಂತೆ ಹರಿದವು. 2010ರ ಜುಲೈನಲ್ಲಿ ರಾಜ್ಯ ಸರಕಾರ ರಫ್ತಿಗೆ ತಡೆ ಹಾಕುವವರೆಗೂ ಅದೇ ಭರಾಟೆ. ಲಾರಿಯನ್ನು ಸಾಲ ಮಾಡಿ ಒಂದು ವಾರದಲ್ಲಿ ತರಬಹುದು. ಘಟ್ಟ ಬಲ್ಲ ಕೈಯನ್ನು ಹಾಗೆ ತರುವುದಾಗುವುದಿಲ್ಲ.

ಹೊರಗಿನವರ ಲೆಕ್ಕ

ಗಂಟೆಗಳಲ್ಲಿ ಅನುಭವವನ್ನು ಅಳೆಯುವ ಕಷ್ಟ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 2022ರ ಫೆಬ್ರವರಿಯಿಂದ ಹೊಸ ಲಾರಿ ಚಾಲಕರಿಗೆ ತರಬೇತಿಯನ್ನು ಕಡ್ಡಾಯ ಮಾಡಿದರು. ಆದರೆ ಇಷ್ಟೇ ಗಂಟೆಯೆಂದು ಗೊತ್ತುಮಾಡಲಿಲ್ಲ. ಶಿಷ್ಯನಿಗೆ ಬಂದಿದೆಯೆಂದು ಗುರು ಹೇಳಿದಾಗ ಬಂದಂತೆ. ಕೇಳಲು ನಮ್ಮ ಉಸ್ತಾದನ ಪದ್ಧತಿಯೇ! ಗುರುವೂ ಶುಲ್ಕ ವಸೂಲು ಮಾಡುವವನೂ ಒಬ್ಬನೇ ಆದಾಗ ಏನಾಗಬಹುದೆಂಬುದು ಬೇರೆ ಮಾತು. ಆಸ್ಟ್ರೇಲಿಯದಲ್ಲಿ ಸಣ್ಣ ಲಾರಿಯಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ರೂಢಿಯಿದೆ. ಇಂಗ್ಲೆಂಡಿನಲ್ಲಿ ಅಂಥದೇ ಮೆಟ್ಟಿಲೊಂದಿತ್ತು. ಡ್ರೈವರುಗಳ ಅಭಾವ ತಲೆದೋರಿದ 2021ರಲ್ಲಿ ಅದನ್ನು ತೆಗೆದುಬಿಟ್ಟರು. ಸರಕು ಅಂಗಡಿ ಸೇರದೆ ಹೋದಾಗ ಎಚ್ಚರಿಕೆ ಮೊದಲು ಸೋಲುತ್ತದೆ, ಎಲ್ಲ ದೇಶಗಳಲ್ಲಿಯೂ.

ನಮ್ಮಲ್ಲಿ ಮೆಟ್ಟಿಲಿನ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಟ್ಟು ತೂಕ 7,500 ಕಿಲೋಗ್ರಾಮು ಮೀರದ ಸರಕು ವಾಹನವನ್ನು ಹಗುರ ವಾಹನದ ಲೈಸೆನ್ಸಿನಲ್ಲಿಯೇ ನಡೆಸಬಹುದೆಂದು 2017ರಲ್ಲಿ ತೀರ್ಪಾಯಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಇಂಥ ಚಾಲಕರಿಂದಲೇ ಅಪಘಾತಗಳು ಹೆಚ್ಚುತ್ತಿವೆಯೆಂದು ತೋರಿಸುವ ಅಂಕಿ ಅಂಶಗಳನ್ನು ಯಾರೂ ತಂದಿಲ್ಲ ಎಂಬುದನ್ನು ಪೀಠ ಗಮನಿಸಿತು. ಪಿಕಪ್ಪು ನಡೆಸಿ ಮನೆ ಸಾಗಿಸುವ ಸಾವಿರಾರು ಹುಡುಗರಿಗೆ ಇದರಿಂದ ನೆಮ್ಮದಿ. ಸೋಂದೆಯ ಸುತ್ತಿನ ಅಂಕುಡೊಂಕಾದ ತೋಟದ ದಾರಿಗಳಲ್ಲಿ ಅಂಥ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದವನಿಗೆ ಇಕ್ಕಟ್ಟಿನ ಪಾಠ ಚೆನ್ನಾಗಿಯೇ ಆಗಿರುತ್ತದೆ. ಭಾರದ ಪಾಠ ಮಾತ್ರ ಉಳಿದಿರುತ್ತದೆ.

ಸಾರಿಗೆ ಸಂಸ್ಥೆಯ ಬಸ್ಸಿನ ಚಾಲಕನಾಗಲು ಭಾರಿ ವಾಹನದ ಲೈಸೆನ್ಸು ಎರಡು ವರ್ಷ ಹಳೆಯದಾಗಿರಬೇಕೆಂಬ ಷರತ್ತು ಬಂದಿರುವುದುಂಟು. ಆ ಎರಡು ವರ್ಷವನ್ನು ತುಂಬಿಸಿಕೊಳ್ಳಲು ಹುಡುಗರು ಹೋಗುವುದು ಲಾರಿಗೆ. ಎಂದರೆ ಪ್ರಯಾಣಿಕರ ಜೀವ ದೊಡ್ಡದೆಂದು ಬಸ್ಸಿನ ಬಾಗಿಲಲ್ಲಿ ತಡೆದ ಹೊಸಬನು ಅದೇ ರಸ್ತೆಯಲ್ಲಿ, ಅದೇ ಬಸ್ಸಿನ ಎದುರಿಗೆ, ಅದಕ್ಕಿಂತ ಭಾರವಾದ ವಾಹನವನ್ನು ಒಬ್ಬನೇ ನಡೆಸಿಕೊಂಡು ಬರುತ್ತಾನೆ!

ಅನುಭವ ಎಲ್ಲವನ್ನೂ ಕಾಯುತ್ತದೆಂದು ತಿಳಿಯುವುದೂ ತಪ್ಪು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸತ್ತವರಲ್ಲಿ ಲಾರಿ ಡ್ರೈವರುಗಳಿದ್ದರು. ಮರ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೊಂದನ್ನು ಅದರ ಚಾಲಕನ ದೇಹದೊಡನೆ ಗಂಗಾವಳಿಯ ತಳದಿಂದ ಮೇಲೆತ್ತಿದುದು ಸೆಪ್ಟೆಂಬರ್ 25ರಂದು. ಗುಡ್ಡವೇ ಮೈಮೇಲೆ ಬಂದರೆ ಯಾವ ಗೇರು ಏನು ಮಾಡೀತು? ಘಟ್ಟದ ಸೀಮೆಯ ತಾಯಂದಿರು ಮಗ ಲಾರಿಗೆ ಹೋಗುತ್ತೇನೆಂದಾಗ ಸುಮ್ಮನಾಗುವುದು ಇಂಥ ಸುದ್ದಿಗಳನ್ನು ನೆನೆದೇ.

ಹಾಗಿದ್ದರೂ ಹುಡುಗರು ಹೋಗುತ್ತಾರೆ, ಸರಕು ಸಾಗಲೇಬೇಕು. ಅನುಭವದ ವರ್ಷಗಳನ್ನು ನಂಬದ ಮಾಲೀಕರು, ಹಿರಿಯ ಡ್ರೈವರುಗಳು ಇನ್ನೂ ಇದ್ದಾರೆ. ಅವರು ಹೊಸಬನ ಲೈಸೆನ್ಸಿಗೆ ಮುಂಚೆ ಅವನ ನಡಿಗೆಯನ್ನು ನೋಡುತ್ತಾರೆ. ಕೀಲಿಕೈ ಕೊಟ್ಟೊಡನೆ ಕ್ಯಾಬಿನ್ನಿಗೆ ಹಾರಿ ಕುಳಿತನೋ, ಮೊದಲು ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಟೈರು, ನಟ್ಟು, ಹಗ್ಗಗಳನ್ನು ಮುಟ್ಟಿ ನೋಡಿದನೋ? ಖಾಲಿ ಲಾರಿಯಲ್ಲಿ ಅವನನ್ನು ಹೊಗಳುವುದಿಲ್ಲ. ತುಂಬಿದ ಲಾರಿಯನ್ನು ಕೊಟ್ಟು, ತಾವೂ ಎಡಗಡೆ ಹತ್ತಿ ಕೂರುತ್ತಾರೆ. ದಾರಿಯುದ್ದಕ್ಕೂ ಹೆಚ್ಚು ಮಾತಿಲ್ಲ. ದೇವಿಮನೆಯಲ್ಲಿ ಲಾರಿ ನಿಲ್ಲುತ್ತದೆ. ಇಳಿಜಾರು ಇನ್ನೂ ಕಾಣದಿರುವಾಗಲೇ, “ಈಗ್ಲೇ ಗೇರು ಹಾಕ್ಕೋ ತಮಾ, ಆಮೇಲೆ ಅದು ನಿನ್ನ ಮಾತು ಕೇಳೂದಿಲ್ಲ” ಎಂದು ಒಂದು ಮಾತು. ಆಮೇಲೆ ತಿರುವುಗಳು, ಒಂದಾದ ಮೇಲೊಂದು. ಹಿಂದಿನ ಕಾರಿನವನು ಹಾರನ್ನು ಬಾರಿಸುತ್ತಾನೆ, ಹುಡುಗನ ಕಿವಿ ಕೆಂಪಾಗುತ್ತದೆ, ಲಾರಿ ಮಾತ್ರ ಎತ್ತಿನ ಹೆಜ್ಜೆಯಲ್ಲಿಯೇ ಇಳಿಯುತ್ತದೆ.

ಘಟ್ಟದ ಬುಡದಲ್ಲಿ ಚಹದಂಗಡಿಯ ಮುಂದೆ ಲಾರಿ ನಿಂತೊಡನೆ ಹಿರಿಯನು ಹುಡುಗನ ಮುಖವನ್ನೂ ನೋಡದೆ ಕೆಳಗಿಳಿಯುತ್ತಾನೆ. ನೇರವಾಗಿ ಹಿಂದಿನ ಚಕ್ರದ ಬಳಿಗೆ ಹೋಗಿ, ಬಗ್ಗಿ, ಅಂಗೈಯ ಹಿಂಬದಿಯನ್ನು ಡ್ರಮ್ಮಿನ ಹತ್ತಿರ ಹಿಡಿಯುತ್ತಾನೆ. ಝಳ ತಾಳಲಾರದೆ ಕೈ ಹಿಂದೆಗೆದರೆ, ಮರುದಿನವೂ ಎಡಗಡೆಯ ಸೀಟು ಅವನದೇ. ಕೈ ಅಲ್ಲಿಯೇ ನಿಂತರೆ, ಎದ್ದು ಧೋತರ ಕೊಡವಿಕೊಂಡು ಎರಡು ಚಹಾ ಹೇಳುತ್ತಾನೆ.